ಸಿನಾನನ ತಲೆಯಾಣೆ

ಬಸ್ರಾದಲ್ಲಿ ಸರ್ಕಾರಿ ಕರೆಂಟು ಹೋಗಿ ಓಣಿಯ ಜನರೇಟರ್ ಶುರುವಾಗುವ ಆ ರೆಪ್ಪೆ ಬಡಿಯುವಷ್ಟು ಹೊತ್ತು, ವಿಡಿಯೊ ಸ್ಟುಡಿಯೊದ ಶಹ್ಲಾ ತೆಗೆದ ಎಷ್ಟೋ ಮದುವೆ ವಿಡಿಯೊಗಳನ್ನು ನುಂಗಿತ್ತು.

“ಈ ಡ್ರೈವ್ ತಗೊಳ್ಳಿ ಅಕ್ಕಾ. ಒಳಗೇ ಒಂಚೂರು ಕರೆಂಟು ಕೂಡಿಟ್ಟುಕೊಂಡಿರುತ್ತೆ. ಕರೆಂಟು ಹೋದ್ರೂ ಹಿಡಿದ ಕೆಲಸ ಮುಗಿಸೇ ಮಲಗೋದು. ನನ್ನ ತಲೆಯಾಣೆ!” ಎಂದ ಕಂಪ್ಯೂಟರ್ ಅಂಗಡಿಯ ಸಿನಾನ್.

ಶಹ್ಲಾ ಅಲ್ಲೇ ಅದನ್ನು ಕಂಪ್ಯೂಟರಿಗೆ ಹಾಕಿಸಿ, ಮದುಮಗಳು ನಗುವ ದೃಶ್ಯವೊಂದನ್ನು ಸೇವ್ ಮಾಡಿದಳು. ಸೇವ್ ಆಯಿತೆಂದು ಪರದೆ ಹೇಳಿದ್ದೇ ತಡ, ಕಂಪ್ಯೂಟರಿನ ಪ್ಲಗ್ಗಿಗೆ ಕೈ ಹಾಕಿದಳು.

“ಅಯ್ಯೋ, ಹೊಸದು ಅಕ್ಕಾ!”

“ಹೊಸದಕ್ಕೇ ಹೆದರಿದ್ರೆ ಹೆಂಗಪ್ಪಾ?” ಎಂದವಳೇ ಕಿತ್ತೇಬಿಟ್ಟಳು.

ಮತ್ತೆ ಚಾಲೂ ಮಾಡಿದಾಗ ಮದುಮಗಳು ಪರದೆ ತುಂಬ ನಕ್ಕಳು. ಸಿನಾನ್ ಮಾತ್ರ ಇನ್ನೂ ಕಣ್ಣು ಬಿಗಿಯಾಗಿ ಮುಚ್ಚಿಕೊಂಡೇ ನಿಂತಿದ್ದ.

“ಕಣ್ಣು ಬಿಡೋ!” ಎಂದಳು ಶಹ್ಲಾ. “ಮದುವೇನೂ ಉಳೀತು, ನಿನ್ನ ತಲೇನೂ ಉಳೀತು!”