ಕಾಮಾಲೆ ಹಿಡಿದ ಪುಸ್ತಕ

ಓದುಗರೇ, ಎದೆ ಮುಟ್ಟಿಕೊಂಡು ಹೇಳಿ: ಗೆರೆ ಎಳೆದದ್ದನ್ನೆಲ್ಲ ಓದಿ ಮುಗಿಸಿದೆನೆಂದು ಎಷ್ಟು ಸಲ ನಿಮಗೆ ನೀವೇ ಟೋಪಿ ಹಾಕಿಕೊಂಡಿದ್ದೀರಿ?

ಸಸ್ಯಶಾಸ್ತ್ರ ಓದುತ್ತಿದ್ದ ಈ ಹುಡುಗಿಯಂತೂ ಆ ಕಲೆಯಲ್ಲಿ ನಿಸ್ಸೀಮಳು. ಸಾಲುಸಾಲಿಗೂ ಹಳದಿ ಹೈಲೈಟರ್ ಬಳಿಯುತ್ತಿದ್ದುದರಿಂದ ಗೆಳತಿಯರ ಬಾಯಲ್ಲಿ ಅವಳು 'ಅರಿಶಿನ'. ಮೌಖಿಕ ಪರೀಕ್ಷೆಯಲ್ಲಿ ಒಮ್ಮೆ ನಪಾಸಾಗಿದ್ದಳು. ನಾಳೆ ಹತ್ತು ಗಂಟೆಗೆ ಕೊನೆಯ ಅವಕಾಶ. ತಪ್ಪಿದರೆ ಇಡೀ ವರ್ಷ ಮತ್ತೆ ಓದಬೇಕು.

ಮಧ್ಯಾಹ್ನ ಅಜ್ಜಿಯ ಹೊಲಿಗೆ ಅಂಗಡಿಯಲ್ಲಿ ಕುಳಿತು ಬಳಿಯುತ್ತಿದ್ದಾಗ ಹೈಲೈಟರ್ ಒಣಗಿತು.

"ಅಯ್ಯೋ ಅಜ್ಜಿ, ಕೆಟ್ಟೆ! ಇನ್ನೂ ನಲವತ್ತು ಪುಟ ಇದೆ."

ಬಟ್ಟೆಗೆ ಸೀಮೆಸುಣ್ಣದ ಗುರುತು ಹಾಕುತ್ತಿದ್ದ ಅಜ್ಜಿ ಕನ್ನಡಕದ ಮೇಲಿಂದ ಇಣುಕಿದರು. "ಪುಸ್ತಕಕ್ಕೆ ಕಾಮಾಲೆ ಬಂದಿದೆಯಲ್ಲೇ!"

"ಎಲ್ಲಾನೂ ಮುಖ್ಯ, ಅಜ್ಜಿ."

"ಇಡೀ ಬಟ್ಟೆಗೆ ಸುಣ್ಣ ಬಳಿದ್ರೆ ಕತ್ತರಿ ಎಲ್ಲಿ ಹಾಕ್ಲಿ, ನಿನ್ನ ಜಡೆಗಾ? ಆ ಪುಟದಲ್ಲಿ ಏನಿದೆ?"

"ಮರದ ತುದಿಗೆ ನೀರು ಹೇಗೆ ಹತ್ತತ್ತೆ ಅಂತ."

"ಮುಚ್ಚು ಪುಸ್ತಕ. ಹೇಗೆ ಹತ್ತತ್ತೆ?"

ಅರಿಶಿನ ಮುಚ್ಚಿದ ಪುಸ್ತಕದ ಮೇಲೆ ಬೆರಳಾಡಿಸಿದಳು. "ಅದು... ಎಡಗಡೆ ಪುಟದಲ್ಲಿತ್ತು."

"ಎಡಗಡೆ ಇತ್ತಂತೆ! ಓದು. ಮುಚ್ಚು. ಹೇಳು."

ಓದಿದಳು, ಮುಚ್ಚಿದಳು, ಹೇಳಿದಳು. "ತಲೆಬುಡ ತಿಳೀಲಿಲ್ಲ, ಇನ್ನೊಂದ್ಸಲ," ಎಂದರು ಅಜ್ಜಿ. ನಾಲ್ಕನೆಯ ಸಲ ಅವಳ ಕಣ್ಣು ಅಜ್ಜಿ ಉಂಡೆಯಿಂದ ಎಳೆಯುತ್ತಿದ್ದ ದಾರದ ಮೇಲೆ ಬಿತ್ತು.

"ಅಜ್ಜಿ! ಎಲೆಯಿಂದ ನೀರು ಆವಿಯಾಗಿ ಹೋಗತ್ತೆ, ಹೋಗ್ತಾ ಕೆಳಗಿನ ನೀರನ್ನ ಎಳೆಯತ್ತೆ. ನೀರಿನ ಕಣಗಳು ಒಂದಕ್ಕೊಂದು ಅಂಟಿಕೊಂಡಿರ್ತವಲ್ಲ, ನೀನು ಮೇಲಿಂದ ದಾರ ಎಳೆದ್ರೆ ಉಂಡೆಯಿಂದ ಬರೋ ಹಾಗೇ!"

"ದಾರ ಕಡಿದ್ರೆ?"

ಅರಿಶಿನ ಮತ್ತೆ ಪುಸ್ತಕ ತಡಕಾಡಿದಳು, ಉತ್ತರ ಅವಳೇ ಹಳದಿ ಬಳಿದ ಸಾಲಿನಲ್ಲಿ ಅನಾಥವಾಗಿ ಬಿದ್ದಿತ್ತು. ಸಂಜೆಯವರೆಗೂ ಪಾಠದ ಮೇಲೆ ಪಾಠ ಹೀಗೆಯೇ ಸಾಗಿತು. ಹೈಲೈಟರ್ ಕಸದ ಬುಟ್ಟಿ ಸೇರಿತು.

ಮರುದಿನ ಪರೀಕ್ಷಕರು ಕೇಳಿದ್ದೂ ಮರದ ನೀರನ್ನೇ. ದಾರದ ಹೋಲಿಕೆ ಕೇಳಿ ಹುಬ್ಬೇರಿಸಿದರು. "ದಾರ ಕಡಿದರೆ?"

ಅರಿಶಿನಳಿಗೆ ನಗು ತಡೆಯಲಾಗಲಿಲ್ಲ. "ಗಾಳಿಗುಳ್ಳೆ ಸೇರಿದ್ರೆ ಕಡಿಯತ್ತೆ, ಸರ್. ಆ ಕೊಳವೆಯಲ್ಲಿ ನೀರು ನಿಲ್ಲತ್ತೆ. ಪಕ್ಕದ ಕೊಳವೆಗಳಲ್ಲಿ ಹತ್ತತ್ತೆ."

"ಪಾಸು. ಯಾರ ಹತ್ರ ಟ್ಯೂಷನ್ನು?"

"ಟೈಲರ್ ಹತ್ರ, ಸರ್."

ನಕ್ಕಿರಲ್ಲವೇ? ನಕ್ಕು ಪಾರಾಗಲು ಬಿಡುವವನಲ್ಲ ನಾನು. ದಯವಿಟ್ಟು ಈ ಪುಟವನ್ನು ಈಗಲೇ ಮುಚ್ಚಿ, ಪಕ್ಕದ ಕೋಣೆಗೆ ಹೋಗಿ, ಮರದ ತುದಿಗೆ ನೀರು ಹತ್ತುವ ಬಗೆಯನ್ನು ಅಲ್ಲಿರುವವರಿಗೆ ಹೇಳಿ. ತಡವರಿಸಿದರೆ ಮರಳಿ ಬಂದು ಓದಿ; ಬರುವಾಗ ಹೈಲೈಟರ್ ಮಾತ್ರ ತರಬೇಡಿ.