ಕಾಲನ್ನು ಬಗಲಲ್ಲಿಟ್ಟುಕೊಂಡು ಹೋದವರು

ನಮ್ಮ ಕಾರ್ಖಾನೆಯ ಗೇಟಿನ ಮೇಲೆ ಒಂದು ಬೋರ್ಡಿದೆ: 'ಇಲ್ಲಿಗೆ ಬಂದವರೆಲ್ಲ ನಡೆದು ಹೋಗಬೇಕು.' ಕಾರ್ಖಾನೆ ಶುರುಮಾಡಿದ ಹಿರಿಯರು ಬರೆಸಿದ್ದು. ನಾವು ಮಾಡುವುದು ಕೃತಕ ಕಾಲು. ಇಪ್ಪತ್ತಾರು ವರ್ಷ ದಿನಕ್ಕೆರಡು ಸಲ ಆ ಬೋರ್ಡಿನ ಕೆಳಗೆ ಹಾದುಹೋಗಿದ್ದೇನೆ. ಅದು ನನಗೆ ಹೇಳಿದ ಮಾತು ಎಂದು ಒಮ್ಮೆಯೂ ಅನ್ನಿಸಿರಲಿಲ್ಲ. ನನ್ನ ಕೆಲಸ ಪಟ್ಟಿ ಹೊಲಿಯುವುದು. ಹಾಕಿಕೊಂಡ ಕಾಲು ಕಳಚಿ ಬೀಳದ ಹಾಗೆ ಮಂಡಿಯ ಮೇಲೆ ಬಿಗಿಯುವ ಚರ್ಮದ ಪಟ್ಟಿ. ದಿನಕ್ಕೆ ಎರಡು ಮುಗಿಸಿದರೆ ನನ್ನನ್ನು ಯಾರೂ ಕೇಳುತ್ತಿರಲಿಲ್ಲ, ನಾನೂ ಯಾರನ್ನೂ ಕೇಳುತ್ತಿರಲಿಲ್ಲ. ಹಿಂದಿನ ಕಟ್ಟಡದ ಕೋಣೆಯಲ್ಲಿ ಪಟ್ಟಿಯವರು ನಾವು ಮೂವರು. ಹಿರಿಯವನಾದ್ದರಿಂದ ಕಿಟಕಿ ನನ್ನದು.

ಅಳತೆ ತೆಗೆಯುವವರು ಮುಂದಿನ ಕಟ್ಟಡದಲ್ಲಿದ್ದರು, ಅಚ್ಚು ಹಾಕುವವರು ಅಂಗಳದ ಆಚೆ, ಪಾದ ಕೆತ್ತುವವರು ಮಹಡಿಯ ಮೇಲೆ, ತೊಡಿಸಿ ನೋಡುವವರು ಗೇಟಿನ ಪಕ್ಕದಲ್ಲಿ. ನಮ್ಮ ನಡುವೆ ಓಡಾಡುತ್ತಿದ್ದದ್ದು ಕಾಲಿನ ನಂಬರು ಬರೆದ ಚೀಟಿ ಮಾತ್ರ. 'ಬಿಗಿ. ಪಟ್ಟಿ ಸಡಿಲಿಸಿ' ಎಂದು ಒಂದು ಚೀಟಿ ಬರುತ್ತಿತ್ತು. ಸಡಿಲಿಸಿ ಕಳಿಸಿದರೆ, ವಾರ ಬಿಟ್ಟು ಅದೇ ಕಾಲು ವಾಪಸು: 'ಜಾರುತ್ತಿದೆ. ಪಟ್ಟಿ ಬಿಗಿಸಿ.' ನನಗೆ ಮೈಯೆಲ್ಲ ಉರಿಯುತ್ತಿತ್ತು. ತೊಡಿಸುವವರಿಗೆ ತಲೆಯಿಲ್ಲ ಎಂದು ಬೈದುಕೊಂಡು ಹೇಳಿದ್ದನ್ನು ಮಾಡಿಕೊಡುತ್ತಿದ್ದೆ. ಅವರೂ ನನ್ನ ಬಗ್ಗೆ ಅಷ್ಟೇ ಒಳ್ಳೆಯ ಮಾತಾಡುತ್ತಿದ್ದರಂತೆ.

ಇದೆಲ್ಲ ಹೀಗೇ ನಡೆದುಹೋಗುತ್ತಿತ್ತೇನೋ, ಅಕ್ಕನ ಕಾಲು ಹೋಗದಿದ್ದರೆ. ಲಾರಿಯ ಚಕ್ರದ ಕೆಳಗೆ ಸಿಕ್ಕಿ ಎಡಗಾಲು ಮಂಡಿಯ ಕೆಳಗೆ ಹೋಯಿತು. ಭಾವ ತೀರಿಕೊಂಡ ಮೇಲೆ ಅವಳು ನಮ್ಮ ಜೊತೆಯಲ್ಲೇ ಇದ್ದಾಳೆ. ಮನೆ ಮೂರನೇ ಮಹಡಿಯಲ್ಲಿ, ಲಿಫ್ಟಿಲ್ಲ. ಆಸ್ಪತ್ರೆಗೆ ಹೋಗಬೇಕಾದರೆ ನಾನೂ ಕೆಳಮನೆಯವರೂ ಅವಳನ್ನು ಕುರ್ಚಿಯಲ್ಲಿ ಕೂರಿಸಿ ಹೊತ್ತು ಇಳಿಸಬೇಕು. ಮನೆ ಮಂದಿಯನ್ನೆಲ್ಲ ಬೆರಳ ತುದಿಯಲ್ಲಿ ಕುಣಿಸಿದ ಹೆಂಗಸು ಆಗ ಕಣ್ಣು ಮುಚ್ಚಿಕೊಂಡಿರುತ್ತಿದ್ದಳು. ನಮ್ಮ ಕಾರ್ಖಾನೆಯಲ್ಲೇ ಅವಳಿಗೆ ಕಾಲು ಮಾಡಿಸಿದೆ. ಬಿಗಿಯೆಂದು ಒಮ್ಮೆ ವಾಪಸು ಬಂತು, ಜಾರುತ್ತದೆಂದು ಇನ್ನೊಮ್ಮೆ. ಗಾಯವಾದ ಮೇಲೆ ಅವಳು ಅದನ್ನು ಬೀರುವಿನ ಹಿಂದೆ ತಳ್ಳಿ, ಇನ್ನು ಈ ಉಸಾಬರಿ ಬೇಡ ಅಂದುಬಿಟ್ಟಳು. ಬಂದವರ ಮುಂದೆಲ್ಲ ಅದೇ ತಮಾಷೆ: "ನನ್ನ ತಮ್ಮ ಕಾಲಿನ ಕಾರ್ಖಾನೇಲಿದ್ದಾನೆ. ನನಗೊಂದು ಕಾಲಿಲ್ಲ ಅಷ್ಟೆ." ಅವರು ನಗುತ್ತಿದ್ದರು. ನಾನು ಎದ್ದು ಅಡುಗೆಮನೆಗೆ ಹೋಗುತ್ತಿದ್ದೆ.

ಹಳೆಯ ಮ್ಯಾನೇಜರು ನಿವೃತ್ತರಾಗಿ ಹೊಸ ಮೇಡಂ ಬಂದದ್ದು ಆ ದಿನಗಳಲ್ಲೇ. ಗಿಡ್ಡ ಆಳು, ಕೈಯಲ್ಲಿ ಸದಾ ಒಂದು ಸೀಮೆಸುಣ್ಣ. ಮೂರು ದಿನದಲ್ಲಿ ಸೀಮೆಸುಣ್ಣದ ಮೇಡಂ ಎಂದೇ ಹೆಸರಾಯಿತು. ಹತ್ತೊಂಬತ್ತು ಜನರನ್ನೂ ಅಂಗಳದಲ್ಲಿ ನಿಲ್ಲಿಸಿ ಬೋರ್ಡಿನ ಮಾತನ್ನು ಗಟ್ಟಿಯಾಗಿ ಓದಿದರು. ಇನ್ನು ಭಾಷಣ ಎಂದುಕೊಂಡು ನಾನು ಗೋಡೆಗೆ ಒರಗಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: ನಾವು ಮಾಡಿದ ಕಾಲು ಹಾಕಿಕೊಂಡು ಒಬ್ಬರಾದರೂ ರಸ್ತೆಯಲ್ಲಿ ನಡೆಯುವುದನ್ನು ಕಣ್ಣಾರೆ ಕಂಡವರು ಯಾರು?

ಎದ್ದದ್ದು ಎರಡೇ ಕೈ. ಒಂದು ತೊಡಿಸುವವನದು, ಇನ್ನೊಂದು ಗೇಟಿನ ಕಾವಲುಗಾರನದು. ಕಾವಲುಗಾರನ ಕೈ ನೋಡಿ ನಾವೆಲ್ಲ ನಕ್ಕೆವು. ಮೇಡಂ ನಗದೆ ಅವನನ್ನೇ ಕೇಳಿದರು.

"ನಡೆಯೋರು ಕೆಲವರು ಮೇಡಂ," ಅಂದ. "ಹೆಚ್ಚಿನವರು ಊರುಗೋಲಲ್ಲಿ ಬರ್ತಾರೆ, ಊರುಗೋಲಲ್ಲೇ ಹೋಗ್ತಾರೆ. ನಾವು ಕೊಟ್ಟ ಕಾಲನ್ನ ಬಗಲಲ್ಲಿ ಇಟ್ಕೊಂಡು."

ಆಮೇಲೆ ಯಾರೂ ನಗಲಿಲ್ಲ. ಆ ತಿಂಗಳು ತೊಂಬತ್ತು ಕಾಲು ಕಳಿಸಿದ್ದೇವೆ ಎಂದು ಗೋಡೆಯ ಕಪ್ಪು ಹಲಗೆಯಲ್ಲಿ ಬರೆದಿತ್ತು. ಮೇಡಂ ಅದನ್ನು ಅಂಗೈಯಿಂದ ಒರೆಸಿ ಸೊನ್ನೆ ಬರೆದರು. ಇನ್ನು ಮೇಲೆ ಈ ಹಲಗೆಯಲ್ಲಿ ಕಾಲಿನ ಲೆಕ್ಕ ಬೇಡ, ನಡೆದವರ ಲೆಕ್ಕ ಮಾತ್ರ ಅಂದರು.

ಮರುದಿನ ಮುಂದಿನ ದೊಡ್ಡ ಕೋಣೆಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ಮೂರು ಚೌಕ ಎಳೆದು, ಒಂದೊಂದರಲ್ಲಿ ಒಂದೊಂದು ಮೇಜು ಹಾಕಿಸಿದರು. ಒಂದು ಮೇಜಿಗೆ ಐವರು: ಅಳತೆಯವರು, ಅಚ್ಚಿನವರು, ಪಾದದವರು, ಪಟ್ಟಿಯವರು, ತೊಡಿಸುವವರು. ಕಾಲು ಬೇಕೆಂದು ಬಂದವರು ಬೆಳಗಿನಿಂದ ಸಂಜೆಯವರೆಗೆ ನಮ್ಮ ಜೊತೆಯೇ ಕೂರಬೇಕು. ಕೋಣೆಯ ಕೊನೆಯಲ್ಲಿ ಹನ್ನೆರಡು ಮರದ ಮೆಟ್ಟಿಲು. ಅವರು ಅದನ್ನು ಹತ್ತಿ ಇಳಿಯುವವರೆಗೆ ಐವರಲ್ಲಿ ಯಾರ ಕೆಲಸವೂ ಮುಗಿದಂತಲ್ಲ.

ನನಗೆ ಬಂದ ಕೋಪ ಅಷ್ಟಿಷ್ಟಲ್ಲ. ನನ್ನ ಕಿಟಕಿ ಹೋಯಿತು. ಹದವಾಗಿ ಪಳಗಿದ ನನ್ನ ಮಣೆಯನ್ನು ತಂದು ನಾಲ್ಕು ಜನರ ಗಲಾಟೆಯ ನಡುವೆ ಇಟ್ಟರು. ಪಕ್ಕದಲ್ಲಿ ಟೇಪಜ್ಜ. ಅಳತೆಯಲ್ಲಿ ಮೂವತ್ತೈದು ವರ್ಷ ಸವೆಸಿದ ಮನುಷ್ಯ. ಅವನ ಟೇಪಿನ ಮಾತಿಗೆ ಎದುರು ಮಾತಿಲ್ಲ. ಎದುರಿಗೆ ನನಗೆ ಚೀಟಿ ಬರೆದು ಬರೆದು ಆಯಸ್ಸು ಕಳೆದ ತೊಡಿಸುವವನು. ಮೊದಲ ದಿನ ನಾವಿಬ್ಬರೂ ಮುಖ ಮುಖ ನೋಡಿ ಮುಖ ಊದಿಸಿಕೊಂಡೆವು. ತಿಂಗಳಾದರೂ ಹಲಗೆಯಲ್ಲಿ ಏಳು ಮುಟ್ಟಲಿಲ್ಲ, ಅದರಲ್ಲಿ ನಮ್ಮ ಮೇಜಿನದು ಒಂದೂ ಇರಲಿಲ್ಲ, ಸಂಬಳಕ್ಕೇ ಕುತ್ತು ಬರುತ್ತದೆ ಎಂದು ಎಲ್ಲರೂ ಗೊಣಗುತ್ತಿದ್ದರು.

ಐದನೇ ವಾರ ನಮ್ಮ ಮೇಜಿಗೆ ಒಬ್ಬ ಕ್ಷೌರಿಕ ಬಂದಿದ್ದ. ಬಾಯಿಬಡುಕ, ನಮ್ಮ ಐವರ ಕ್ರಾಪಿನ ತಪ್ಪನ್ನೆಲ್ಲ ಎಣಿಸಿ ಹೇಳಿದ್ದ. ಮೂರನೇ ದಿನ ಅವನ ಕಾಲು ತಯಾರಾಗಿ, ಮಧ್ಯಾಹ್ನ ಮೂರಕ್ಕೆ ತೊಡಿಸಿದರೆ ಬಿಗಿ. ತೊಡಿಸುವವನು ಅಭ್ಯಾಸಬಲದಿಂದ ಚೀಟಿ ಬರೆದು ಮೇಜಿನ ಮೇಲೆಯೇ ನನ್ನ ಕಡೆ ತಳ್ಳಿದ: 'ಬಿಗಿ. ಪಟ್ಟಿ ಸಡಿಲಿಸಿ.' ಒಂದು ಮೊಳ ದೂರದಲ್ಲಿ ಕೂತವನಿಗೆ ಚೀಟಿ. ನಾನು ಪಟ್ಟಿ ಮುಟ್ಟುವುದಿಲ್ಲ, ಅಳತೆಯೇ ತಪ್ಪಿರಬೇಕು ಅಂದೆ. ಟೇಪಜ್ಜನಿಗೆ ಕೆಂಡ ತುಳಿದ ಹಾಗಾಯಿತು. ಎದ್ದು ಕ್ಷೌರಿಕನ ಮೊಂಡುಗಾಲಿಗೆ ಟೇಪು ಸುತ್ತಿದ. ನೋಡಿದ. ಬಿಚ್ಚಿ ಮತ್ತೆ ಸುತ್ತಿದ. ಪಕ್ಕದ ಮೇಜಿನ ಟೇಪು ತರಿಸಿ ಮೂರನೇ ಸಲ ಸುತ್ತಿದ.

ಮೊದಲ ದಿನ ಬೆಳಗ್ಗೆ ತೆಗೆದ ಅಳತೆಗಿಂತ ಅರ್ಧ ಬೆರಳು ಹೆಚ್ಚಿತ್ತು. ಬೆಳಗಿನಿಂದ ಇಳಿಬಿಟ್ಟುಕೊಂಡು ಕೂತ ಕಾಲು ಮಧ್ಯಾಹ್ನಕ್ಕೆ ಊದಿತ್ತು.

ಅಜ್ಜ ಮೆಲ್ಲಗೆ ಕೂತುಕೊಂಡ. "ನಾನು ಮಧ್ಯಾಹ್ನದ ಮೇಲೆ ಒಂದು ಕಾಲೂ ಅಳೆದಿಲ್ಲ ಕಣಪ್ಪ," ಅಂದ. ಅಚ್ಚು ಒಣಗುವುದಕ್ಕೆ ಬಿಸಿಲು ಬೇಕೆಂದು ಅಳತೆಯೆಲ್ಲ ಬೆಳಗ್ಗೆಯೇ. ತೊಡಿಸುವವನು ಬೆಳಗ್ಗೆ ಆಸ್ಪತ್ರೆಯಲ್ಲಿರುತ್ತಿದ್ದುದರಿಂದ ತೊಡಿಸುವುದೆಲ್ಲ ಮಧ್ಯಾಹ್ನ. ಬೆಳಗಿನ ಕಾಲಿಗೆ ಮಾಡಿದ್ದು ಮಧ್ಯಾಹ್ನದ ಕಾಲಿಗೆ ಬಿಗಿ. ಆ ಬಿಗಿಗೆ ನಾನು ಪಟ್ಟಿ ಸಡಿಲಿಸಿದರೆ, ಮರುದಿನ ಬೆಳಗ್ಗೆ ಮನೆಯಲ್ಲಿ ಅದು ಜಾರುತ್ತದೆ. ಅಜ್ಜನ ಟೇಪು ಸರಿ, ತೊಡಿಸುವವನ ಕಣ್ಣು ಸರಿ, ನನ್ನ ಹೊಲಿಗೆ ಸರಿ. ಎಲ್ಲರೂ ಸರಿಯಾಗಿಯೇ ಕೆಲಸ ಮಾಡಿ, ಇಪ್ಪತ್ತಾರು ವರ್ಷ ಜನರನ್ನು ಊರುಗೋಲಿನ ಮೇಲೆ ವಾಪಸು ಕಳಿಸಿದ್ದೆವು.

ಮೇಡಂ ಬಂದು ಎರಡೂ ಅಳತೆಯನ್ನು ನೋಡಿದರು. ಅವರಿಗೂ ಇದು ಗೊತ್ತಿರಲಿಲ್ಲವಂತೆ. ನಾನು ಬೆರಗಾದದ್ದು ಅದಕ್ಕೇ. ಕಾಲಿನ ವಿಷಯ ನಮ್ಮಷ್ಟೂ ತಿಳಿಯದ ಹೆಂಗಸು, ಬೋರ್ಡಿನ ಆ ಒಂದು ಮಾತನ್ನು ಕೆಳಗಿಳಿಸಿ ನೆಲದ ಮೇಲೆ ಚೌಕವಾಗಿ ಎಳೆದಿದ್ದರು. ಚೌಕದೊಳಗೆ ಕೂತದ್ದಕ್ಕೆ ನಮ್ಮ ಕಣ್ಣು ತಾನಾಗಿ ತೆರೆಯಿತು. ಗೋಡೆ ಎಲ್ಲಿ, ಮೇಜು ಎಲ್ಲಿ, ಯಾರ ಪಕ್ಕ ಯಾರು ಎಂಬುದರಲ್ಲಿ ಇಷ್ಟೆಲ್ಲ ಇದೆಯೆಂದು ನನಗೆ ಯಾರಾದರೂ ಹೇಳಿದ್ದರೆ, ಹೋಗಿ ಕೆಲಸ ನೋಡು ಅನ್ನುತ್ತಿದ್ದೆ.

ಆಮೇಲೆ ಅಳತೆ ಎರಡು ಹೊತ್ತೂ ಆಯಿತು. ದೊಡ್ಡ ಅಳತೆಗೆ ಕಾಲು ಮಾಡಿ, ಬೆಳಗ್ಗೆ ಮೊಂಡುಗಾಲಿಗೆ ಮೂರು ಬಟ್ಟೆಯ ಕಾಲುಚೀಲ, ಊದಿದ ಮೇಲೆ ಒಂದು ತೆಗೆದು ಎರಡು. ಎರಡು ದಿನ ಬಿಟ್ಟು ಬಂದ ಕ್ಷೌರಿಕ ಮೆಟ್ಟಿಲು ಹತ್ತಿದ. ಮೇಲೆ ನಿಂತು ನಮ್ಮೆಲ್ಲರ ನೆತ್ತಿ ನೋಡಿ, ಅಲ್ಲಿಂದ ಇನ್ನೂ ಅಸಹ್ಯವಾಗಿ ಕಾಣುತ್ತದೆ ಅಂದ. ನಾನು ಹೊಲಿದದ್ದನ್ನು ಕಟ್ಟಿಕೊಂಡು ಒಬ್ಬ ಮನುಷ್ಯ ನಡೆದದ್ದನ್ನು ನಾನು ಮೊದಲ ಸಲ ನೋಡಿದ್ದು ಅಂದು. ಟೇಪಜ್ಜ ಕೈ ಮುಗಿದುಕೊಂಡು ನಿಂತುಬಿಟ್ಟ. ಯಾರಿಗೆ ಮುಗಿದನೋ ಅವನಿಗೂ ಗೊತ್ತಿರಲಿಲ್ಲ.

ಅಂದು ಮನೆಗೆ ಹೋಗಿ ಅಕ್ಕನ ಮುಂದೆ ಕೂತೆ. ಇನ್ನೊಂದು ಸಲ ಬಾ ಎಂದು ಕೇಳುವ ಮೊದಲು ನಿಜ ಹೇಳಬೇಕಿತ್ತು. ಹೇಳಿದೆ. ನಿನ್ನ ಕಾಲಿನ ಪಟ್ಟಿಯನ್ನು ಮೊದಲು ಸಡಿಲಿಸಿದವನೂ ಆಮೇಲೆ ಬಿಗಿಸಿದವನೂ ನಾನೇ, ಚೀಟಿಯಲ್ಲಿದ್ದ ನಂಬರು ನಿನ್ನದೆಂದು ಗೊತ್ತಿತ್ತು, ಆದರೂ ಮನೆಗೆ ಬಂದು ನಿನ್ನ ಕಾಲನ್ನೊಮ್ಮೆ ನೋಡಬೇಕು ಅನ್ನಿಸಲಿಲ್ಲ, ಎಂದು.

ಅವಳು ಬೀರುವಿನ ಕಡೆ ಒಮ್ಮೆ ನೋಡಿದಳು. ಆಮೇಲೆ, "ನಂಬರು ನೋಡಿದ್ಯಲ್ಲ, ಅಷ್ಟಾದ್ರೂ ಮಾಡಿದೆ," ಅಂದಳು. ಬೈದಿದ್ದರೆ ಚೆನ್ನಾಗಿತ್ತು.

ಕೊನೆಯ ಸಲ ಎಂಬ ಕರಾರಿನ ಮೇಲೆ ಬಂದಳು. ಕುರ್ಚಿ, ನಾನು, ಕೆಳಮನೆಯವರು, ಮುಚ್ಚಿದ ಕಣ್ಣು, ಎಲ್ಲ ಹಿಂದಿನಂತೆಯೇ. ಮೇಡಂ ಯಾರಿಗೂ ಮುಲಾಜು ತೋರಿಸುವವರಲ್ಲ. ಅವಳ ಸರದಿ ಬರಲು ಎರಡು ವಾರ ಕಾಯಿಸಿದ್ದರು. ಸರದಿ ಬಂದಾಗ ನಮ್ಮ ಮೇಜೇ ಸಿಕ್ಕಿತು. ಅಜ್ಜ ಎರಡು ಹೊತ್ತಿಗೆ ಎರಡಲ್ಲ, ನಾಲ್ಕು ಸಲ ಅಳೆದ. ವಾರ ಕಳೆಯುವುದರೊಳಗೆ ಕಾಲು ತೊಡಿಸಿದೆವು. ಪಟ್ಟಿಯನ್ನು ನಾನೇ ಬಿಗಿದೆ. ಹನ್ನೆರಡು ಮೆಟ್ಟಿಲನ್ನು ಅವಳು ಹತ್ತಿದಳು, ಇಳಿದಳು, ಹಲಗೆಯ ಹತ್ತಿರ ಹೋಗಿ ಮೇಡಂ ಕೈಯಿಂದ ಸೀಮೆಸುಣ್ಣ ಕಿತ್ತುಕೊಂಡು ಹದಿನಾರನ್ನು ಅಳಿಸಿ ಹದಿನೇಳು ಮಾಡಿದಳು.

ಮನೆಯ ಬಳಿ ಕೆಳಮನೆಯವರು ಕುರ್ಚಿ ಹಿಡಿದು ಕಾಯುತ್ತಿದ್ದರು. ಅವಳು ಅವರನ್ನು ದಾಟಿ ಕಂಬಿ ಹಿಡಿದಳು. ನಾನು ಹಿಂದೆಯೇ, ಬಿದ್ದರೆ ಹಿಡಿಯಲು ಎರಡೂ ಕೈ ಚಾಚಿಕೊಂಡು. ಮೊದಲ ಮಹಡಿಯಲ್ಲಿ ನಿಂತು ಉಸಿರು ತೆಗೆದುಕೊಂಡಳು. ಎರಡನೆಯದರಲ್ಲಿ ನಿಲ್ಲಲಿಲ್ಲ. ನನ್ನ ಹೆಂಡತಿ ಬಾಗಿಲು ತೆರೆದವಳು ದಾರಿ ಬಿಡುವುದನ್ನೂ ಮರೆತು ನೋಡುತ್ತ ನಿಂತಳು.

ಒಳಗೆ ಬಂದು ಅಕ್ಕ ಕೋಣೆಯ ನಡುವೆ ನಿಂತಳು. ಬೆವರಿದ್ದಳು, ಎದೆ ಏರಿಳಿಯುತ್ತಿತ್ತು. ನಾನು ಓಡಿಹೋಗಿ ದಿಂಬು ಸರಿಮಾಡಿ, ಸಾಕು ಅಕ್ಕ, ಕೂತ್ಕೊ ಅಂದೆ.

"ಹನ್ನೊಂದು ತಿಂಗಳು ಕೂತೇ ಇದ್ದೆ ಕಣೋ," ಅಂದಳು. "ಈಗ ನೀನು ಕೂತ್ಕೊ. ನಾನು ನಿಂತ್ಕೊಂಡು ನೋಡ್ತೀನಿ."

ನಾನು ಕೂತೆ. ಅವಳು ನಿಂತೇ ಇದ್ದಳು.