ಕಲಾವತಿಯ ಹೊಟ್ಟೆನೋವು

ಹುಳಿ ವಾಸನೆ, ದೋಸೆ ಹಿಟ್ಟಿನದು, ಸಾವಿನ ಮನೆಯಲ್ಲೂ ಹಿಟ್ಟು ತನ್ನ ಪಾಡಿಗೆ ತಾನು ಹುಳಿ ಬರುತ್ತದಲ್ಲ ಎಂದುಕೊಳ್ಳುತ್ತ ಯಶೋದಮ್ಮ ಸೆರಗನ್ನು ಮೂಗಿಗೆ ಒತ್ತಿಕೊಂಡರು, ಚಾಪೆಯ ಮೇಲೆ ಪಕ್ಕದ ಮನೆಯ ಕಲಾವತಿ, ಬೆಳಿಗ್ಗೆ ಫ್ಯಾನಿನಿಂದ ಇಳಿಸಿ ಮಲಗಿಸಿದ್ದಾರೆ, ಕತ್ತು ನೋಡಿ ಅಮ್ಮಾ ಎನ್ನುತ್ತಾರೆ ಸಬ್ ಇನ್‌ಸ್ಪೆಕ್ಟರ್, ಹೆಂಗಸಿನ ಶವ, ಮಹಜರಿಗೆ ಸಹಿ ಹಾಕೋ ಪಂಚರಲ್ಲಿ ಒಬ್ಬರಾದರೂ ಹೆಂಗಸಿರಲಿ, ನೀವು ಬಡಾವಣೆ ಸಂಘದ ಅಧ್ಯಕ್ಷೆ, ಆರಿಸಿ ಬಂದೋರು — ಆರಿಸಿದ್ದು ಕಾವೇರಿ ನೀರಿಗೆ, ಬೀದಿದೀಪಕ್ಕೆ, ಹೆಣ ನೋಡುವುದಕ್ಕಲ್ಲ, ಅವತ್ತು ಗಣೇಶನ ಪೆಂಡಾಲಿನಲ್ಲಿ ಒಪ್ಪಿಗೆ ಇರುವವರು ಕೈಯೆತ್ತಿ ಎಂದಾಗ ಎಲ್ಲರಿಗಿಂತ ಮೊದಲು ಎದ್ದ ಕೈ ಇದೇ, ಈಗ ಚಾಪೆಯಿಂದಾಚೆ ಜಾರಿರುವ ಇದೇ ಕೈ, ನನ್ನೋಟು ನಿಮ್ಗೇ ಅಕ್ಕಾ, ನಲ್ಲೀಲಿ ನೀರು ಬರ್ಸಿ ಸಾಕು ಎಂದು ನಕ್ಕಿದ್ದಳು, ಸುಂಕದಕಟ್ಟೆಯ ಈ ಬೀದಿಗೆ ನೀರು ಬಂತು, ಅವಳು ಹೋದಳು.

ಬಾಗಿಲಲ್ಲಿ ಗಂಡ ಮುನಿರಾಜು, ತಲೆಯೆತ್ತುತ್ತಿಲ್ಲ, ಅವನ ತಾಯಿ ಲಕ್ಷ್ಮವ್ವ ಆಗಿನಿಂದ ಒಂದೇ ಸಮನೆ, ಹೊಟ್ಟೆನೋವು ಸ್ವಾಮಿ, ತಡ್ಕೊಳಕ್ಕಾಗ್ದೆ ಹಿಂಗ್ ಮಾಡ್ಕೊಂಡ್ಲು, ಉಳಿದ ಪಂಚರು ಹೂಂಗುಟ್ಟಿ ಸಹಿ ಹಾಕಿಯೂ ಆಯಿತು, ಹಿಂದಿನ ಬೀದಿಯವಳಿಗೂ ಹೊಟ್ಟೆನೋವು, ಗಾರ್ಮೆಂಟ್ಸಿಗೆ ಹೋಗುತ್ತಿದ್ದ ಆ ಹುಡುಗಿಗೂ ಹೊಟ್ಟೆನೋವು, ಸಾಯುವ ಹೆಂಗಸರಿಗೆಲ್ಲ ಪೊಲೀಸರ ಹತ್ತಿರ ಇರುವುದು ಇದೊಂದೇ ಕಾಯಿಲೆ, ಸುಮ್ನೆ ಒಪ್ಕೊಂಬಿಡಿ ಅಮ್ಮಾ, ಎನ್ನುತ್ತಾರೆ ಪಂಚರಲ್ಲೊಬ್ಬರು, ಮಗು ಮುಖ ನೋಡಿ, ಅಪ್ಪಾನೂ ಸ್ಟೇಷನ್ನು ಕೋರ್ಟು ಅಂತ ಅಲೆದ್ರೆ ಅದಕ್ಕ್ಯಾರು ಗತಿ, ನಿಜ, ಅದೂ ನಿಜ, ನಾಳೆಯಿಂದ ಲಕ್ಷ್ಮವ್ವನ ಎದುರಿಗೇ ಓಡಾಡಬೇಕು, ಆದರೆ ನಿನ್ನೆ ಬೆಳಿಗ್ಗೆ ಕಾಂಪೌಂಡಿನ ಮೇಲಿಂದ ಕಲಾವತಿ ಕೈ ಚಾಚಿ, ಒಂಚೂರು ಮೆಂತ್ಯ ಕೊಡಿ ಅಕ್ಕಾ, ನಾಳೆ ಮಗಳ ಹುಟ್ಟಿದ್ದಬ್ಬ, ದೋಸೆ ಕೆಂಪ್ಗೆ ಬರ್ಬೇಕಂತೆ, ಸಂಜೆ ಗ್ರೈಂಡರ್ ಸದ್ದು ಗೋಡೆಯಾಚೆಯಿಂದ ಕೇಳಿಸಿತ್ತು, ಈಗ ಅಡುಗೆಮನೆ ಕಟ್ಟೆಯ ಮೇಲೆ ಆ ಹಿಟ್ಟಿನ ಪಾತ್ರೆ, ಸೆಖೆಗೆ ಉಕ್ಕಿ ಚೆಲ್ಲೀತೆಂದು ಅದರ ಕೆಳಗೊಂದು ತಟ್ಟೆ —

ಏನಮ್ಮಾ, ಹೊಟ್ಟೆನೋವು ಅಂತ್ಲೇ ಬರ್ಕೊಳ್ಲಾ.

ಬೇಡ ಸಾರ್, ಅನುಮಾನ ಇದೆ ಅಂತ ಬರ್ಕೊಳ್ಳಿ, ಯಾರ ದನಿ ಇದು, ತನ್ನದೇ, ಲಕ್ಷ್ಮವ್ವನ ಅಳು ತಟಕ್ಕನೆ ನಿಂತಿತು, ಮುನಿರಾಜು ಈಗ ತಲೆಯೆತ್ತಿದ, ಏನಕ್ಕಾ ಅನುಮಾನ, ಏನು ನೋಡಿದ್ರಿ ನೀವು, ಏನು ನೋಡಿದೆ, ಏನೂ ಇಲ್ಲ, ಮುಚ್ಚಳವನ್ನೇ ಎತ್ತಿಕೊಂಡು ಬಂದಿದೆ ಹಿಟ್ಟು, ಅಂಚಿನಿಂದ ಇಳಿಯುತ್ತಿದೆ, ನಿಧಾನಕ್ಕೆ, ತಟ್ಟೆಗೆ, ಬೆಳಗಾದ ಮೇಲೆ ಕಟ್ಟೆ ಒರೆಸಬೇಕಾದವಳು ಇಟ್ಟ ತಟ್ಟೆಗೆ, ತಟ್ಟೆಗೆ